ತಮ್ಮನ ಕೋಣೆಗೆ ನೆಟ್ ತಂದದ್ದು

ನನ್ನ ತಮ್ಮ ದಿನಕ್ಕೆ ಒಂದೂವರೆ ಗಂಟೆ ಮಾತ್ರ ಮಾತಾಡುತ್ತಿದ್ದ. ಸಂಜೆ ಕಿವಿಗೆ ಹೆಡ್‌ಸೆಟ್ ಏರಿಸಿ, ಫೋನನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಕೂತನೆಂದರೆ ಅವನ ಬಾಯಿ ತೆರೆಯುತ್ತಿತ್ತು. ಉಳಿದ ಹೊತ್ತು ‘ಹೂಂ’, ‘ಬೇಡ’, ‘ಅಲ್ಲೇ ಇಡು’, ಇಷ್ಟೇ. ಆ ಒಂದೂವರೆ ಗಂಟೆಯನ್ನು ಉಳಿಸಿಕೊಳ್ಳಲು ನಾನು ಏನೇನು ಮಾಡಿದೆ ಎಂಬುದನ್ನು ಬರೆಯಲು ಕೂತಿದ್ದೇನೆ. ಅದು ಉಳಿಯಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಏನೋ ಒಳ್ಳೆಯದಾಗುತ್ತದೆಂದು ಕಾಯುತ್ತ ಓದುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ.

ನಮ್ಮದು ಶ್ರೀರಾಂಪುರದ ಒಂದು ಓಣಿ. ಅಗಲಕ್ಕೆ ಜಾಗ ಸಿಗದ ಕಡೆ ಎಲ್ಲರೂ ಮೇಲಕ್ಕೆ ಕಟ್ಟಿಕೊಳ್ಳುತ್ತಾರೆ, ನಾವೂ ಕಟ್ಟಿಕೊಂಡೆವು. ಕೆಳಗೆ ಚಿಕ್ಕಪ್ಪ ಚಿಕ್ಕಮ್ಮ, ಅವರ ಮೇಲೆ ಅಮ್ಮ ಮತ್ತು ನಾನು, ಎಲ್ಲರಿಗಿಂತ ಮೇಲೆ ತಮ್ಮ. ಮಹಡಿಗೆ ಒಂದೊಂದು ಕೋಣೆ, ಮೂಲೆಯಲ್ಲಿ ಅಡುಗೆಗೊಂದು ಕಟ್ಟೆ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ನಮ್ಮ ಬೀರುವನ್ನು ಹಗ್ಗ ಕಟ್ಟಿ ಹೊರಗಿನಿಂದ ಮೇಲೆಳೆಯಬೇಕಾಯಿತು. ಓಣಿಯ ಅರ್ಧ ಜನ ಅದನ್ನು ನಿಂತು ನೋಡಿದರು, ಇನ್ನರ್ಧ ಜನ ಸಲಹೆ ಕೊಟ್ಟರು.

ತಮ್ಮ ಮೇಲಿನ ಕೋಣೆಯನ್ನು ತಾನೇ ಕೇಳಿ ತೆಗೆದುಕೊಂಡಿದ್ದ. ಆಗ ಅವನು ಮಲ್ಲೇಶ್ವರದ ಮನೆಮನೆಗೆ ಕೊರಿಯರ್ ಹಂಚುತ್ತಿದ್ದ, ಮೆಟ್ಟಿಲು ಅಂದರೆ ಅವನಿಗೆ ಲೆಕ್ಕವೇ ಇರಲಿಲ್ಲ. ಆಮೇಲೆ ಎಡವಲು ಶುರುಮಾಡಿದ. ಚಪ್ಪಲಿ ಸರಿಯಿಲ್ಲ ಅಂದೆವು. ಹೊಸ ಬೂಟು ಕೊಡಿಸಿದೆ, ಅದರಲ್ಲೂ ಎಡವಿದ. ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು ನೋಡಿದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದು ಮಾಂಸಖಂಡಗಳು ಸವೆಯುತ್ತ ಹೋಗುವ ಕಾಯಿಲೆ, ಔಷಧಿ ಇಲ್ಲ, ಮೊದಲು ಕಾಲು ಹೋಗುತ್ತದೆ, ಕೈಗೆ ಬರುವುದು ನಿಧಾನ ಎಂದರು. ನಾನು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ‘ನಿಧಾನ’ ಎಂಬ ಮಾತಿನ ಮೇಲೆ ನನಗೆ ಅಪಾರ ನಂಬಿಕೆ. ನಮ್ಮಲ್ಲಿ ನಿಧಾನ ಎಂದು ಬದಿಗಿಟ್ಟ ಕಡತ, ಇಟ್ಟವರು ನಿವೃತ್ತರಾದರೂ ಅಲುಗುವುದಿಲ್ಲ.

ಕಾಲು ಪೂರ್ತಿ ಸೋತ ಮೇಲೆ ನಮ್ಮ ಮಹಡಿಗೆ ಇಳಿದು ಬಾ ಎಂದು ಬೇಡಿಕೊಂಡೆವು. ಅವನು ಒಪ್ಪಲಿಲ್ಲ. ನಮ್ಮಲ್ಲಿ ಬಾಗಿಲು ಸದಾ ತೆರೆದಿರುತ್ತದೆ. ಬಂದುಹೋಗುವವರೆಲ್ಲ ಇಣುಕಿ, ಅವನು ಎದುರಿಗೇ ಮಲಗಿದ್ದರೂ ‘ಹೇಗಿದಾನೆ?’ ಎಂದು ಅಮ್ಮನನ್ನು ಕೇಳುತ್ತಾರೆ. ಮೇಲಾದರೆ ಕಿಟಕಿ ಇದೆ, ಮೆಟ್ರೋ ಹೋಗುವ ಸದ್ದಿದೆ, ಇಣುಕುವವರಿಲ್ಲ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅವನ ಗೆಳೆಯರು ಮೂವರು ಬಂದು, ಚಿಕ್ಕಪ್ಪನನ್ನೂ ಸೇರಿಸಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನನ್ನು ಕೂರಿಸಿ ನಾಲ್ಕೂ ಕಡೆ ಹಿಡಿದು, ಇಕ್ಕಟ್ಟಿನಲ್ಲೇ ಗೋಡೆ ಉಜ್ಜಿಕೊಂಡು ಇಳಿಸುತ್ತಾರೆ. ಆ ಹೊತ್ತಿನಲ್ಲಿ ತಮ್ಮ ಕಣ್ಣು ಮುಚ್ಚಿಕೊಂಡಿರುತ್ತಾನೆ. ಭಯಕ್ಕಲ್ಲ, ನಾಚಿಕೆಗೆ.

ಆ ಮೂವರೇ ಅವನ ಆಟದ ತಂಡ. ಒಂದೇ ಶಾಲೆಯಲ್ಲಿ ಓದಿ, ಒಂದೇ ಓಣಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ, ಯಾರದೋ ಮನೆಯ ಕಿಟಕಿ ಗಾಜು ಒಡೆದು ಒಟ್ಟಿಗೇ ಬೈಸಿಕೊಂಡವರು. ಅವರಲ್ಲೊಬ್ಬ ಮಲ್ಲೇಶ್ವರ ಮಾರ್ಕೆಟ್ ಹತ್ತಿರ ಸೊಪ್ಪು ತರಕಾರಿ ಅಂಗಡಿ ನಡೆಸುತ್ತಾನೆ. ಆಟದಲ್ಲಿ ಅವನೇ ಕ್ಯಾಪ್ಟನ್. ನಾಲ್ವರೂ ಫೋನಿನೊಳಗೆ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಬಂದೂಕು ಹುಡುಕುತ್ತಾರೆ, ಬೇರೆ ತಂಡದವರ ಗುಂಡಿಗೆ ಸಿಗದೆ ಕೊನೆಯವರೆಗೆ ಉಳಿಯಲು ನೋಡುತ್ತಾರೆ. ಎಡ ಹೆಬ್ಬೆರಳು ಓಡಿಸುತ್ತದೆ, ಬಲ ಹೆಬ್ಬೆರಳು ಗುಂಡು ಹೊಡೆಯುತ್ತದೆ. ನನಗೆ ತಿಳಿದದ್ದು ಇಷ್ಟೇ. ಆದರೆ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತ ತಮ್ಮನ ದನಿ ಕೇಳುವುದು ನನಗೆ ಅಭ್ಯಾಸವಾಗಿತ್ತು. “ಬಲಗಡೆ ಮನೇಲಿ ಒಬ್ಬ ಇದಾನೆ ಗುರು, ನೀನು ಹಿಂದೆಯಿಂದ ಬಾ.” ಯಾರಿಗೋ ಬಾ ಅನ್ನುತ್ತಾನೆ, ಹೋಗು ಅನ್ನುತ್ತಾನೆ, ನಗುತ್ತಾನೆ. ಆ ನಗು ಕೇಳಿದರೆ ಅವನಿಗೆ ಏನೂ ಆಗಿಲ್ಲ ಅನಿಸಬೇಕು.

ಯುಗಾದಿ ಕಳೆದ ಮೇಲೆ ಆಟ ಕೆಟ್ಟಿತು. ತಂಡದಲ್ಲಿ ದಿನಾ ಮೊದಲು ಸಾಯುವವನು ತಮ್ಮನೇ ಆದ. ಅವನು ಸತ್ತ ಕೂಡಲೇ ಕ್ಯಾಪ್ಟನ್ “ನೆಟ್ ಇರ್ಬೇಕು ಬಿಡು ಮಗಾ” ಅನ್ನುವುದು ಹೆಡ್‌ಸೆಟ್ಟಿನಿಂದ ಸಣ್ಣಗೆ ಹೊರಗೂ ಕೇಳುತ್ತಿತ್ತು. ತಮ್ಮನೂ “ಹೂಂ ಗುರು, ಕಿತ್ತೋಗಿದೆ ನೆಟ್” ಅನ್ನುತ್ತಿದ್ದ. ಹಾಗನ್ನಲು ಕಾರಣವೂ ಇತ್ತು. ಮೋಡೆಮ್ ಇದ್ದದ್ದು ಕೆಳಗೆ, ಚಿಕ್ಕಪ್ಪನ ಷೋಕೇಸಿನೊಳಗೆ. ಎರಡು ಕಾಂಕ್ರೀಟ್ ತಾರಸಿ ದಾಟಿ ಮೇಲೆ ಬರುವಷ್ಟರಲ್ಲಿ ಅದರ ಜೀವ ಹೋಗಿರುತ್ತಿತ್ತು. ಆಟದ ಪರದೆಯ ಮೂಲೆಯಲ್ಲಿ ಒಂದು ಅಂಕಿ ಇರುತ್ತದೆ, ಪಿಂಗ್ ಅಂತ. ಬೆರಳು ಒತ್ತಿದ್ದು ಆಟಕ್ಕೆ ಎಷ್ಟು ಬೇಗ ತಲುಪಿತು ಎಂದು ಅದು ತೋರಿಸುತ್ತದೆ. ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ನಮ್ಮದು ಸದಾ ಕೆಂಪು. ಮೊಬೈಲ್ ಸಿಗ್ನಲ್ ಕಿಟಕಿಗೆ ಫೋನ್ ಒತ್ತಿ ಹಿಡಿದರೆ ಮಾತ್ರ ಸಿಗುತ್ತಿತ್ತು. ಮೇಲಕ್ಕೇ ಬೇರೆ ಸಂಪರ್ಕ ಕೊಡಿ ಎಂದು ಕೇಳಿದರೆ ಕಂಬದ ಡಬ್ಬದಲ್ಲಿ ಜಾಗ ಖಾಲಿ ಇಲ್ಲ ಎಂದರು.

ಒಂದು ಸಂಜೆ ಹೆಡ್‌ಸೆಟ್ ಚಾರ್ಜಿಗೆ ಹಾಕಿದ್ದರಿಂದ ಕ್ಯಾಪ್ಟನ್ ಮಾತು ಜೋರಾಗಿ ಹೊರಗೇ ಕೇಳಿತು. ಮುಂದಿನ ತಿಂಗಳು ಒಂದು ಭಾನುವಾರ ಸುತ್ತಮುತ್ತಲಿನ ತಂಡಗಳೆಲ್ಲ ಸೇರಿ ಪಂದ್ಯ ಇಟ್ಟುಕೊಂಡಿದ್ದರು. “ನಿನ್ ನೆಟ್ ಹಿಂಗೇ ಇದ್ರೆ ಆ ಭಾನುವಾರಕ್ಕೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗತ್ತೆ ಮಗಾ. ಬೇಜಾರ್ ಮಾಡ್ಕೋಬೇಡ.” ತಮ್ಮ ಮೆತ್ತಗೆ, “ನೋಡು ಗುರು, ನಂಗೇನಿಲ್ಲ” ಅಂದ. ಆ ದಿನ ಅವನು ಊಟ ಮಾಡಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಕಾಲಿಗೆ ಔಷಧಿ ಇಲ್ಲ ಅಂದರು, ಸುಮ್ಮನಾದೆ. ನೆಟ್ಟಿಗೂ ಔಷಧಿ ಇಲ್ಲವೇ? ಇಡೀ ಊರಿನಲ್ಲಿ ಜನ ನಡುಬೀದಿಯಲ್ಲಿ ನಿಂತು ಸಿನಿಮಾ ನೋಡುತ್ತಾರೆ, ನನ್ನ ತಮ್ಮನಿಗೆ ಒಂದು ಆಟ ಆಡಲು ಆಗಬಾರದೇ? ಕಾಯಿಲೆಯ ಮೇಲೆ ತೋರಿಸಲಾಗದ ಸಿಟ್ಟನ್ನೆಲ್ಲ ನೆಟ್ಟಿನ ಮೇಲೆ ತೋರಿಸಲು ಹೊರಟೆ.

ಕಚೇರಿಯಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಗೆ ಇಂಥ ಸಾಮಾನಿನ ಹುಚ್ಚು. ಅವರು ಮೆಶ್ ಎಂಬ ಪದ ಕಲಿಸಿದರು. ಒಂದೇ ದೊಡ್ಡ ಡಬ್ಬ ಇಡುವ ಬದಲು ಮೂರು ಚಿಕ್ಕ ಡಬ್ಬಗಳನ್ನು ಮನೆಯ ಬೇರೆ ಬೇರೆ ಕಡೆ ಇಡಬೇಕು. ಅವು ಒಂದರ ಕೈಯಿಂದ ಒಂದಕ್ಕೆ ನೆಟ್ ದಾಟಿಸುತ್ತವೆ. ನಾನು ಮಧ್ಯಾಹ್ನದ ಊಟದ ಡಬ್ಬಿ ತೆರೆದಿಟ್ಟುಕೊಂಡು ಇದರ ಬಗ್ಗೆ ವಿಡಿಯೋ ನೋಡತೊಡಗಿದೆ. ವಿಡಿಯೋದವರೆಲ್ಲ ತೋಟದ ನಡುವೆ ಹಲಗೆ ಮನೆ ಕಟ್ಟಿಕೊಂಡವರು. ಅವರ ಕಾರು ನಿಲ್ಲಿಸುವ ಕೋಣೆಯಲ್ಲಿ ನಮ್ಮ ಮೂರೂ ಮಹಡಿ ಹಿಡಿಸಿ ಮೆಟ್ಟಿಲಿಗೂ ಜಾಗ ಮಿಗುತ್ತಿತ್ತು. ‘ನಿಮ್ಮ ಹಿತ್ತಲಿನ ಈಜುಕೊಳದವರೆಗೂ ಸಿಗ್ನಲ್ ಬರುತ್ತದೆ’ ಅನ್ನುತ್ತಿದ್ದರು. ನಮಗೆ ಅಷ್ಟು ದೂರ ಬೇಡವಾಗಿತ್ತು, ಚಿಕ್ಕಪ್ಪನ ತಲೆಯ ಮೇಲಿನಿಂದ ತಮ್ಮನ ಮಂಚದವರೆಗೆ ಬಂದರೆ ಸಾಕಾಗಿತ್ತು. ಆದರೂ ಒಂದನ್ನೂ ಬಿಡದೆ ನೋಡಿದೆ. ಎರಡು ಬ್ಯಾಂಡಿನದು, ಮೂರು ಬ್ಯಾಂಡಿನದು, ಹಳೆಯ ತಲೆಮಾರಿನದು, ಹೊಸ ತಲೆಮಾರಿನದು. ಮದುವೆಗೆ ಗಂಡು ನೋಡುವಾಗ ನನಗಾಗಿ ಯಾರೂ ಇಷ್ಟು ವಿಚಾರಿಸಲಿಲ್ಲ. ಹಾಗಾಗಿಯೇ ಇನ್ನೂ ಅಮ್ಮನ ಮನೆಯಲ್ಲಿದ್ದೇನೆ, ಅದು ಬೇರೆ ಮಾತು.

ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸೇಲ್ಸ್‌ನವನು ಎಷ್ಟು ಬೆಡ್‌ರೂಮ್ ಮೇಡಂ ಎಂದು ಕೇಳಿದ. ಮೂರು, ಒಂದರ ಮೇಲೊಂದು ಎಂದೆ. ಅವನು ನಕ್ಕ, ನಾನು ನಗಲಿಲ್ಲ. ಗೇಮಿಂಗಿಗೆ ಎಂದು ತಿಳಿದ ಕೂಡಲೇ ಒಂದು ಕಪ್ಪು ಡಬ್ಬ ತೆಗೆದಿಟ್ಟ. ಎಂಟು ಆಂಟೆನಾ ಚಾಚಿಕೊಂಡು ಅಂಗಾತ ಬಿದ್ದ ಏಡಿಯ ಹಾಗಿತ್ತು. ನಾನು ಓದಿಕೊಂಡು ಹೋದದ್ದನ್ನೆಲ್ಲ ಅವನ ಮುಂದೆ ಸುರಿದೆ. ಇದು ಒಂದೇ ಮಹಡಿಗೆ ಸರಿ, ಕಾಂಕ್ರೀಟ್ ತಾರಸಿ ಎರಡು ದಾಟುವುದಿಲ್ಲ ಎಂದೆ. ಎರಡು ಬ್ಯಾಂಡಿನ ಮೆಶ್‌ನಲ್ಲಿ ಡಬ್ಬಗಳು ತಮ್ಮತಮ್ಮಲ್ಲಿ ಮಾತಾಡುವುದೂ ಫೋನಿಗೆ ನೆಟ್ ಕೊಡುವುದೂ ಒಂದೇ ದಾರಿಯಲ್ಲಿ, ಹಾಗಾಗಿ ಆಟ ತಡವಾಗುತ್ತದೆ, ನನಗೆ ಮೂರು ಬ್ಯಾಂಡಿನದು ಬೇಕು ಎಂದೆ. ಸಾಲದ್ದಕ್ಕೆ ಡಬ್ಬದಿಂದ ಡಬ್ಬಕ್ಕೆ ವೈರನ್ನೂ ಎಳೆಸುತ್ತೇನೆ ಎಂದೆ. ಅವನು ಒಳಗೆ ಹೋಗಿ ಮಾಲೀಕರನ್ನೇ ಕರೆತಂದ. ಅವರು ವೈರ್ ಎಳೆಸುವುದಾದರೆ ಕಡಿಮೆಯದೇ ಸಾಕು, ಇಷ್ಟು ಒಳ್ಳೆಯದು ಬೇಕಾಗಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಬೇಕು ಎಂದೆ. ಯಾವ ಕಡೆಯಿಂದಲೂ ಮುಂದೆ ಯಾರೂ ‘ನೆಟ್ ಇರಬೇಕು’ ಎಂದು ಹೇಳುವಂತಿರಬಾರದು, ಅದಕ್ಕಿಂತ ಮೇಲಿನದು ಇದ್ದರೆ ಅದನ್ನೇ ಕೊಡಿ ಎಂದೆ. ಉಪ್ಪಿನಕಾಯಿ ಭರಣಿಯಂಥ ಮೂರು ಬಿಳಿ ಡಬ್ಬಗಳನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ನನಗೆ ಬಹಳ ಸಂತೋಷವಾಗಿತ್ತು.

ಇನ್ನು ಚಿಕ್ಕಪ್ಪ. ಮೋಡೆಮನ್ನು ಅವರ ಷೋಕೇಸಿನಿಂದ ನಮ್ಮ ಮಹಡಿಗೆ ತರಬೇಕಿತ್ತು. ಮೂರಕ್ಕೂ ನಡುವೆ ಅದು ಇರಬೇಕು, ಜೊತೆಗೆ ಚಿಕ್ಕಪ್ಪನ ಕೈಗೆ ಸಿಗದಂತೆಯೂ ಇರಬೇಕು. ಚಿಕ್ಕಪ್ಪ ಮನೆಯಿಂದ ಹೊರಡುವಾಗ, ಹಾಲು ತರಲಿಕ್ಕೇ ಆಗಲಿ, ಎಲ್ಲ ಸ್ವಿಚ್ಚುಗಳನ್ನೂ ಆರಿಸುವವರು. ‘ಸುಮ್ನೆ ಕರೆಂಟ್ ಯಾಕೆ’ ಅನ್ನುವುದು ಅವರ ಜೀವನದ ಸಾರ. ಚಿಕ್ಕಮ್ಮ ಮೋಡೆಮಿಗೆ ಕ್ರೋಷಾದಲ್ಲಿ ಒಂದು ಅಂಗಿ ಹೆಣೆದು ತೊಡಿಸಿ, ಬುದ್ಧನ ವಿಗ್ರಹಕ್ಕೂ ಸ್ಟೀಲ್ ಡಬ್ಬಗಳಿಗೂ ನಡುವೆ ಕೂರಿಸಿದ್ದರು. ಅದು ಮೇಲೆ ಹೋದರೆ ಮನೆಯ ಯಜಮಾನಿಕೆಯೇ ಮೇಲೆ ಹೋಗುತ್ತದೆ ಎಂಬಂತೆ ಚಿಕ್ಕಪ್ಪ ಎರಡು ವಾರ ಮುಖ ಗಂಟುಹಾಕಿಕೊಂಡಿದ್ದರು. ಕೊನೆಗೆ ಅಮ್ಮ ಕೆಳಗೆ ಹೋಗಿ ಕಾಫಿ ಕುಡಿದು, ಊರ ಸುದ್ದಿಯನ್ನೆಲ್ಲ ಮಾತಾಡಿ, ಮೋಡೆಮನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಲೆ ಬಂದಳು. ಏನು ಹೇಳಿದೆ ಎಂದರೆ, ಮೇಲಿರೋನಿಗೆ ಬೇರೆ ಏನಿದೆ ಅಂತ ಕೇಳಿದೆ ಅಷ್ಟೆ ಎಂದಳು.

ಕೆಲಸದವರು ಬಂದು ಮೆಟ್ಟಿಲ ಗೋಡೆಗೆ ಬಿಳಿ ಕ್ಲಿಪ್ ಹೊಡೆದು ವೈರ್ ಎಳೆದರು. ಕೆಳಗೊಂದು, ನಮ್ಮ ಬೀರುವಿನ ಮೇಲೊಂದು, ತಮ್ಮನ ತಲೆದೆಸೆಯಲ್ಲಿ ಒಂದು ಡಬ್ಬ ಬಂದು ಕೂತವು. ಯಾಕೆ ಇದೆಲ್ಲ ಅಕ್ಕ ಎಂದು ತಮ್ಮ ಒಂದೇ ಸಲ ಕೇಳಿದ. ಖುಷಿಯನ್ನು ತೋರಿಸಿಕೊಳ್ಳಲಾರದವನು ಎಂದುಕೊಂಡೆ. ಫೋನಿನ ಮೂಲೆಯ ಅಂಕಿ ಹಸಿರಾಯಿತು. ಕೆಂಪಿದ್ದಾಗ ಮೂರಂಕಿ ಇರುತ್ತಿದ್ದದ್ದು ಎರಡಂಕಿಗೆ ಇಳಿದು ಅಲ್ಲಾಡದೆ ನಿಂತಿತು. ಅಮ್ಮನನ್ನೂ ಕರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಂದು ನೋಡಿ, ಹಸಿರು ಒಳ್ಳೇದಾ ಎಂದು ಕೇಳಿದಳು.

ಆ ಸಂಜೆ ನಾನು ಹುರುಳಿಕಾಯಿ ಬುಟ್ಟಿಯನ್ನು ಪಕ್ಕಕ್ಕಿಟ್ಟು ಕೋಣೆಯ ಬಾಗಿಲಲ್ಲೇ ನಿಂತೆ. ನಾಲ್ವರೂ ಹಾರಿದರು, ಇಳಿದರು. ತಮ್ಮ ಒಂದು ಗೋಡೆಯ ಹಿಂದೆ ನಿಂತಿದ್ದ. ಯಾರೋ ಎದುರಿಗೆ ಬಂದ. ತಮ್ಮನ ಬಲ ಹೆಬ್ಬೆರಳು ಸರಿಯಾಗಿಯೇ ಒತ್ತಿತು, ಆದರೆ ಪರದೆಯ ಮೇಲಿನ ಅವನ ಮನುಷ್ಯ ಗೋಡೆಯಿಂದ ಪಕ್ಕಕ್ಕೆ ಸರಿಯಲೇ ಇಲ್ಲ. ನಿಂತಲ್ಲೇ ಗುಂಡು ತಿಂದು ಬಿದ್ದ. ಆ ದಿನವೂ ಹೆಡ್‌ಸೆಟ್ ಹಾಕಿರಲಿಲ್ಲ. ಹೊಸ ನೆಟ್ಟಿನ ಸದ್ದು ನನಗೂ ಕೇಳಲಿ ಎಂದು ನಾನೇ ಬೇಡ ಅಂದಿದ್ದೆ. ಕ್ಯಾಪ್ಟನ್ ಎಂದಿನಂತೆ, “ನೆಟ್ ಇರ್ಬೇಕು ಬಿಡು ಮಗಾ” ಅಂದ.

ತಮ್ಮ ಬಾಯಿ ತೆರೆಯುವ ಮೊದಲೇ ನಾನು ಬಾಗಿಲಿನಿಂದ ಕೂಗಿ ಹೇಳಿದೆ. “ನೆಟ್ ಚೆನ್ನಾಗಿದೆ ಕಣಪ್ಪಾ. ಇವತ್ತೇ ಹೊಸದು ಹಾಕ್ಸಿದೀನಿ, ಮೂರು ಮಹಡಿಗೂ. ಪಿಂಗ್ ಹಸಿರಿದೆ. ಇನ್ಮೇಲೆ ನೆಟ್ ಅನ್ನೋ ಮಾತೇ ಇಲ್ಲ.”

ಆ ಕಡೆ ಮೂವರೂ ಇದ್ದರು. ಅವರ ಫೋನುಗಳಲ್ಲಿ ಗುಂಡಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಕ್ಯಾಪ್ಟನ್, “ಹೌದಾ ಅಕ್ಕಾ. ಒಳ್ಳೇದಾಯ್ತು ಬಿಡಿ” ಅಂದ. ತಮ್ಮ ನನ್ನ ಕಡೆ ತಿರುಗಿ ನೋಡಲಿಲ್ಲ. ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಹೊದಿಕೆಯ ಕೆಳಗೆ ಇಟ್ಟುಕೊಂಡ. ನಾನು ಚಳಿಯೇನೋ ಅಂದುಕೊಂಡು ಫ್ಯಾನ್ ಕಡಿಮೆ ಮಾಡಿದೆ.

ಮಾರನೆಯ ದಿನ ಕಚೇರಿಯಿಂದ ಬರುವಾಗ ಕ್ಯಾಪ್ಟನ್ ಅಂಗಡಿಗೆ ಹೋದೆ. ದಂಟು ಸೊಪ್ಪು ತೆಗೆದುಕೊಳ್ಳುವ ನೆಪ. ಈಗ ನೆಟ್ ಸರಿಹೋಯಿತಲ್ಲ, ಭಾನುವಾರಕ್ಕೆ ಬೇರೆಯವರನ್ನು ನೋಡುವುದು ಬೇಡ ಅಲ್ಲವೇ ಎಂದು ಕೇಳಿದೆ. ಅವನು ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಲೇ ಇದ್ದ. ಆಗಲೇ ತೊಯ್ದಿದ್ದ ಕಟ್ಟಿಗೆ ಮತ್ತೆ ಚಿಮುಕಿಸಿದ. ಅವನೇ ಆಡ್ತಾನೆ ಬಿಡಿ ಅಕ್ಕಾ ಎಂದು ಹೇಳಿ ಕೇಳದೆಯೇ ಕೊತ್ತಂಬರಿ ಹಾಕಿದ. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಅದಾದ ಮೇಲೆ ಆಟದ ಮಾತುಗಳೇ ಬದಲಾದವು. ಗುಂಡು ತಗುಲಿ ತಮ್ಮ ಬಿದ್ದರೆ ಮೂವರೂ ತಂತಮ್ಮ ಕೆಲಸ ಬಿಟ್ಟು ಅವನನ್ನು ಎಬ್ಬಿಸಲು ಓಡಿ ಬರುತ್ತಿದ್ದರು. ಒಳ್ಳೆಯ ಬಂದೂಕು ಸಿಕ್ಕರೆ ಅವನ ಮುಂದೆ ತಂದು ಹಾಕುತ್ತಿದ್ದರು. ಜೀಪ್ ಸಿಕ್ಕರೆ ಅವನನ್ನು ಕೂರಿಸಿಕೊಂಡು ತಿರುಗುತ್ತಿದ್ದರು. ಯಾರೂ ಅವನನ್ನು ಬೈಯುತ್ತಿರಲಿಲ್ಲ. ಮೊದಲಾದರೆ ‘ಕುರುಡಾ ಏನೋ ನೀನು’ ಎಂದು ಬೈದು ನಗುತ್ತಿದ್ದವರು ಈಗ ‘ಪರ್ವಾಗಿಲ್ಲ’, ‘ನಿಧಾನಕ್ಕೆ ಬಾ’ ಅನ್ನುತ್ತಿದ್ದರು. ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತವರು ಮಾತಾಡುವ ದನಿ ಅದು. ತಮ್ಮನ ಮಾತು ಕಡಿಮೆಯಾಗುತ್ತ ಬಂತು. ನಾನು ಏನು ಮಾಡಿದೆ ಗೊತ್ತೇ? ಡಬ್ಬದ ಕಂಪನಿಗೆ ಫೋನ್ ಮಾಡಿದೆ. ಅವರು ಹೇಳಿದಂತೆ ಆರಿಸಿ ಹಚ್ಚಿದೆ, ಚಾನೆಲ್ ಬದಲಿಸಿದೆ. ಡಬ್ಬವನ್ನು ತಲೆದೆಸೆಯಿಂದ ಕಾಲದೆಸೆಗೆ, ಕಾಲದೆಸೆಯಿಂದ ಕಿಟಕಿಗೆ ಇಟ್ಟೆ. ಎಲ್ಲಿಟ್ಟರೂ ಅಂಕಿ ಹಸಿರೇ ಇತ್ತು. ಹಸಿರಿದ್ದೂ ನನ್ನ ತಮ್ಮ ಗೋಡೆಯ ಹಿಂದಿನಿಂದ ಸರಿಯುತ್ತಿರಲಿಲ್ಲ. ಸುಳ್ಳು ಹಸಿರು ತೋರಿಸುತ್ತಿದೆ ಎಂದು ಅಂಗಡಿಯವರ ಜೊತೆ ಜಗಳಕ್ಕೂ ನಿಂತೆ. ಪಾಪ, ಅವರು ಬದಲಿ ಡಬ್ಬ ಕೊಡುತ್ತೇವೆ ತನ್ನಿ ಎಂದರು.

ಪಂದ್ಯಕ್ಕೆ ಇನ್ನು ಕೆಲವೇ ದಿನ ಇರುವಾಗ, ಒಂದು ಮಧ್ಯಾಹ್ನ, ಬದಲಿಸಲೆಂದು ಆ ಡಬ್ಬವನ್ನು ಬಿಚ್ಚುತ್ತಿದ್ದೆ. ಬಾ ಇಲ್ಲಿ ಕೂತ್ಕೋ ಎಂದ ತಮ್ಮ. ಮಂಚದ ಅಂಚಿಗೆ ಕೂತೆ. ಬಲಗೈಯಿಂದ ಎಡಗೈಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟ. ಹೆಬ್ಬೆರಳು ನನ್ನ ಅಂಗೈ ನಡುವೆ ಬರುವಂತೆ ಸರಿಮಾಡಿಕೊಂಡ. ನಾನು ಕಾಯುತ್ತ ಕೂತೆ. ಅವನ ಹಣೆಯಲ್ಲಿ ನರ ಉಬ್ಬಿತು.

“ಒತ್ತುತಿದೀನಿ ಅಕ್ಕ. ಗೊತ್ತಾಗ್ತಿದೆಯಾ?”

ನನಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗ್ತಿದೆ ಎಂದು ಹೇಳಲು ಹೊರಟು ನಿಲ್ಲಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

ಯಾವಾಗಿನಿಂದ ಎಂದು ಕೇಳಿದೆ. ಯುಗಾದಿಗೆ ಮುಂಚಿನಿಂದ ಎಂದ. ಆಸ್ಪತ್ರೆಗೆ ಇಳಿಸುವಾಗ ಕುರ್ಚಿಯ ಎಡಗಡೆ ಹಿಡಿಯುವವನು ಕ್ಯಾಪ್ಟನ್. ತಮ್ಮ ಎಡಗೈಯಲ್ಲಿ ಅವನ ಭುಜ ಹಿಡಿದುಕೊಳ್ಳುತ್ತಿದ್ದ. ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಆ ಹಿಡಿತ ಜಾರಿತಂತೆ. ಕ್ಯಾಪ್ಟನ್ ಏನೂ ಕೇಳಲಿಲ್ಲ. ಆ ಸಂಜೆ ಆಟದಲ್ಲಿ ತಮ್ಮ ಮೊದಲ ಸಲ ನಿಂತಲ್ಲೇ ಸತ್ತಾಗ ನೆಟ್ ಇರಬೇಕು ಬಿಡು ಎಂದನಂತೆ. ಉಳಿದಿಬ್ಬರೂ ಅದನ್ನೇ ಹಿಡಿದುಕೊಂಡರು. ಈ ಊರಿನಲ್ಲಿ ತಡವಾಗಿ ಬಂದವರು ಟ್ರಾಫಿಕ್ ಅನ್ನುತ್ತಾರೆ, ಕೇಳಿದವರು ಹೌದೌದು ವಿಪರೀತ ಎಂದು ತಲೆಯಾಡಿಸುತ್ತಾರೆ. ಯಾರೂ ರಸ್ತೆಗೆ ಹೋಗಿ ನೋಡಿಬರುವುದಿಲ್ಲ. ನಾನೂ ಕಚೇರಿಯಲ್ಲಿ ವಾರಕ್ಕೆ ಮೂರು ಸಲ ಆ ಮಾತು ಹೇಳಿಯೇ ಸಂಬಳ ತೆಗೆದುಕೊಳ್ಳುವವಳು. ಅದೇ ಮರ್ಯಾದೆಯನ್ನು ಮೂವರು ಗೆಳೆಯರು ನನ್ನ ತಮ್ಮನಿಗೆ ಕೊಟ್ಟರೆ, ನಾನು ರಸ್ತೆಗೆ ಹೋಗಿ ನೋಡಿಬಂದು ಖಾಲಿ ಇದೆ ಎಂದು ಕೂಗಿಬಿಟ್ಟಿದ್ದೆ. ಭಾನುವಾರಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದು ಕ್ಯಾಪ್ಟನ್ ಅಂದದ್ದೂ ಅದೇ ಲೆಕ್ಕವಂತೆ. ನೆಟ್ಟಿನ ನೆಪದಲ್ಲಿ ತಮ್ಮ ಪಕ್ಕಕ್ಕೆ ಸರಿಯಬಹುದಿತ್ತು. ನೆಟ್ ಸರಿಹೋದ ದಿನ ಮತ್ತೆ ಬರುತ್ತಾನೆ ಎಂದು ಎಲ್ಲರೂ ಹೇಳಿಕೊಂಡಿರಬಹುದಿತ್ತು.

ನನಗೆ ಯಾಕೆ ಹೇಳಲಿಲ್ಲ ಎಂದು ಸಿಟ್ಟಿನಲ್ಲೇ ಕೇಳಿದೆ. ಅಳು ಬಂದರೆ ನನಗೆ ಸಿಟ್ಟಿನ ರೂಪದಲ್ಲೇ ಬರುತ್ತದೆ.

“ಡಾಕ್ಟ್ರಿಗೆ ಗೊತ್ತಿತ್ತು, ಅವ್ರ್ ಮೂರ್ ಜನಕ್ಕೂ ಗೊತ್ತಿತ್ತು. ನಿಂಗೊಬ್ಳಿಗೇ ಅದು ನಿಜವಾಗ್ಲೂ ನೆಟ್ ಆಗಿತ್ತು ಅಕ್ಕ. ನಿಂಗಾದ್ರೂ ಇರ್ಲಿ ಅಂತ ಬಿಟ್ಟೆ.”

ಅವನು ಇದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ. ಚುಚ್ಚಲು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹಳೆಯ ಮೋಡೆಮನ್ನು ಚಿಕ್ಕಪ್ಪನ ಷೋಕೇಸಿಗೇ ಹಾಕಿಸಿಬಿಡುತ್ತೇನೆ, ಈ ಡಬ್ಬಗಳನ್ನೆಲ್ಲ ವಾಪಸ್ ಕೊಟ್ಟು ಬರುತ್ತೇನೆ ಎಂದೆ. ಬೇಡ ಎಂದ. ಅದರಿಂದ ಏನೂ ಆಗುವುದಿಲ್ಲ, ಈಗ ತಾನಾಗಿ ಕೆಂಪು ಬಂದಿದೆ ಅಂದರೂ ಗೆಳೆಯರಿಗೆ ನೆಟ್ ಅನ್ನಲು ಬಾಯಿ ಬರುವುದಿಲ್ಲ ಎಂದ. ಆಟದಲ್ಲೂ ಅವರು ತನ್ನನ್ನು ಎತ್ತಿಕೊಂಡು ಓಡಾಡುತ್ತಿದ್ದಾರೆ, ಅಲ್ಲೂ ಕುರ್ಚಿ ತಂದಿದ್ದಾರೆ ಎಂದ. ಅಲ್ಲಿ ಒಂದು ಕಡೆಯಾದರೂ ತಾನು ಓಡುತ್ತಿದ್ದೆ ಎಂದ. ಒಂದೇ ಸಲಕ್ಕೆ ನನ್ನ ಹತ್ತಿರ ಅಷ್ಟು ಮಾತಾಡಿ ವರ್ಷಗಳಾಗಿದ್ದವು.

ಆ ಸಂಜೆ ಅವನೇ ಕ್ಯಾಪ್ಟನ್‌ಗೆ ಫೋನ್ ಮಾಡಿದ. ನಾನು ಕೆಳಗಿಳಿದು ಹೋಗಬೇಕಿತ್ತು, ಹೋಗದೆ ಬಾಗಿಲಲ್ಲೇ ನಿಂತೆ. ನನ್ ಕೈಲಿ ಆಗಲ್ಲ ಗುರು, ಬೇರೆಯವ್ರನ್ನ ಹಾಕ್ಕೋ ಎಂದು ಹೇಳಿದ. ನೆಟ್ ಎಂದು ಹೇಳಲಿಲ್ಲ, ಬೇರೆ ಕಾರಣವನ್ನೂ ಹೇಳಲಿಲ್ಲ. ಆ ಕಡೆಯಿಂದ ಬಂದ ಉತ್ತರ ನನಗೆ ಸರಿಯಾಗಿ ಕೇಳಿಸಲಿಲ್ಲ, ಬಹಳ ಚಿಕ್ಕದಾಗಿತ್ತು.

ಭಾನುವಾರ ಮಧ್ಯಾಹ್ನ ಪಂದ್ಯ. ತಂಡಕ್ಕೆ ನಾಲ್ಕನೆಯವನಾಗಿ ಯಾರೋ ಹೊಸಬ ಬಂದಿದ್ದ. ಮನೆಯಲ್ಲಿ ಎಲ್ಲರೂ ನೆಟ್ಟನ್ನು ಹೊಗಳುತ್ತಿದ್ದರು. ಚಿಕ್ಕಮ್ಮನಿಗೆ ಅಡುಗೆ ವಿಡಿಯೋ ನಿಲ್ಲದೆ ಬರುತ್ತಿತ್ತು, ಚಿಕ್ಕಪ್ಪ ಹಳೆಯ ಕ್ರಿಕೆಟ್ ಪಂದ್ಯಗಳನ್ನು ದೊಡ್ಡ ಟೀವಿಯಲ್ಲಿ ಹಾಕಿಕೊಂಡು, ಮುಂಚೆಯೇ ಹಾಕಿಸಬೇಕಾಗಿತ್ತು ಅನ್ನುತ್ತಿದ್ದರು. ಅನ್ನ ಸಾರು ಕಲಸಿಕೊಂಡು ಮೇಲೆ ಹೋದೆ. ತಮ್ಮ ಗೋಡೆಗೆ ಒರಗಿ ಕೂತಿದ್ದ, ಕಿವಿಗೆ ಹೆಡ್‌ಸೆಟ್ ಇತ್ತು. ಫೋನ್ ಹೊದಿಕೆಯ ಮೇಲೆ ಮಲಗಿತ್ತು, ಕೈಗಳೆರಡೂ ಅದರ ಪಕ್ಕದಲ್ಲಿದ್ದವು. ತಂಡದವರ ಮಾತು ಕೇಳಲು ಸೇರಿಕೊಂಡು, ತನ್ನ ಮೈಕು ಮುಚ್ಚಿ ಕೂತಿದ್ದ. ಅವನು ಅಲ್ಲಿದ್ದಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಒಂದು ತುತ್ತು ತಿನ್ನಿಸಿದೆ. ನುಂಗಿ, ಮತ್ತೆ ಕಿವಿಗೊಟ್ಟ. ಹೇಗೆ ಆಡುತ್ತಿದ್ದಾರೆ ಎಂದು ಕೇಳಿದೆ.

“ಚೆನ್ನಾಗ್ ಆಡ್ತಿದಾರೆ” ಅಂದ. “ಹೊಸಬ ಒಳ್ಳೆಯವ್ನು, ಬೇಗ ಓಡ್ತಾನೆ. ನಗ್ತಿದಾರೆ ಎಲ್ರೂ.” ಇನ್ನೊಂದು ತುತ್ತಿಗೆ ಬಾಯಿ ತೆರೆಯಲಿಲ್ಲ. “ಒಂದು ಮಾತೂ ಕಟ್ ಆಗ್ತಿಲ್ಲ ಅಕ್ಕ. ಎಲ್ಲಾ ಕ್ಲಿಯರ್ ಆಗಿ ಕೇಳ್ತಿದೆ.”